ಹೊಸಬರಿಗೆ ಹೊಲಿಗೆ ಮೆಷಿನ್ ಉಡುಗೊರೆ: ಕಪ್ಪೋ, ಬಿಳಿಯೋ?

ಕದ್ರಿಯ ನಾಲ್ಕನೇ ಮಹಡಿಯ ಫ್ಲಾಟಿನಲ್ಲಿರುವ ತಂಗಿಗೂ ಹೆಬ್ರಿಯ ಹಂಚಿನ ಮನೆಯಲ್ಲಿರುವ ಅತ್ತಿಗೆಗೂ ಒಂದೇ ಹೊಲಿಗೆ ಮೆಷಿನ್ ಒಗ್ಗುವುದಿಲ್ಲ. ಇಬ್ಬರೂ ಹೊಲಿಗೆಗೆ ಹೊಸಬರೇ ಆಗಿರಬಹುದು, ಉಡುಗೊರೆಗೆಂದು ನೀವು ಎತ್ತಿಟ್ಟ ಹಣವೂ ಒಂದೇ ಇರಬಹುದು. ಆದರೂ ಒಬ್ಬರ ಮನೆಯಲ್ಲಿ ಅದು ದಿನವೂ ಓಡುತ್ತದೆ, ಇನ್ನೊಬ್ಬರ ಮನೆಯಲ್ಲಿ ಟಿವಿಯ ಪಕ್ಕ ಮುಸುಕು ಹೊದ್ದು ಕೂರುತ್ತದೆ. ಅಂಗಡಿಯವರು ಮಾತ್ರ ಯಾರೇ ಹೋದರೂ ಒಂದೇ ಮಾತಿನಿಂದ ಶುರು ಮಾಡುತ್ತಾರೆ: "ಅಕ್ಕ, ಇದರಲ್ಲಿ ಇಪ್ಪತ್ತೊಂದು ಬಗೆ ಬರುತ್ತದೆ."

ಆ ಸಂಖ್ಯೆಯ ವಿಚಾರಕ್ಕೆ ಆಮೇಲೆ ಬರೋಣ. ಅದಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದ ಸಂಗತಿಗಳಿವೆ: ಪಡೆಯುವವರು ಬರುವ ಒಂದು ವರ್ಷದಲ್ಲಿ ಏನು ಹೊಲಿಯುತ್ತಾರೆ, ಮೆಷಿನ್ ಮನೆಯ ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಕೈಕೊಟ್ಟರೆ ಯಾರು ಬಂದು ನೋಡುತ್ತಾರೆ. ಪಡೆಯುವವರನ್ನು ಇಲ್ಲಿ ‘ಆಕೆ’ ಎಂದು ಬರೆದಿದ್ದೇನೆ, ಅದು ಬರೆಯುವ ಅನುಕೂಲಕ್ಕಷ್ಟೇ. ನಮ್ಮ ಪೇಟೆಗಳಲ್ಲಿ ಅಂಗಿ, ಪ್ಯಾಂಟು ಹೊಲಿದು ಹೆಸರು ಮಾಡಿದ ಹಳೆಯ ಟೈಲರ್‌ಗಳು ಗಂಡಸರೇ ತಾನೇ? ಹುಡುಗನಿಗೆ ಮೆಷಿನ್ ಕೊಡಲು ಯಾರೂ ಹಿಂಜರಿಯಬೇಕಾಗಿಲ್ಲ.

ಬೇಡದವನ್ನು ಬದಿಗಿಡೋಣ

ಮೊಬೈಲಿನಲ್ಲಿ ಪದೇಪದೇ ಕಾಣಿಸಿಕೊಳ್ಳುವ, ಒಂದೆರಡು ಸಾವಿರ ರೂಪಾಯಿಯ ಪುಟಾಣಿ ಮೆಷಿನ್ನನ್ನು ಉಡುಗೊರೆಯಾಗಿ ಕೊಡಲೇಬೇಡಿ. ಅಂಗೈಯಲ್ಲಿ ಹಿಡಿದು ಒತ್ತುವ ಸ್ಟೇಪ್ಲರ್ ಗಾತ್ರದ್ದು ಒಂದೇ ನೂಲಿನ ಸರಪಳಿ ಹೊಲಿಗೆ ಹಾಕುತ್ತದೆ. ಕೊನೆಯಲ್ಲಿ ಗಂಟು ಬಿಗಿಯದಿದ್ದರೆ ತುದಿ ಹಿಡಿದು ಎಳೆದಾಗ ಇಡೀ ಸಾಲು ಸರಸರನೆ ಬಿಚ್ಚಿಕೊಂಡು ಬರುತ್ತದೆ. ಬ್ಯಾಟರಿ ಹಾಕಿ ಮೇಜಿನ ಮೇಲಿಡುವ ಆಟಿಕೆಯಂಥದ್ದಕ್ಕೆ ಕೆಳಗಿನ ನೂಲು ಸುತ್ತಿಡುವ ಬಾಬಿನ್ ಇದೆ, ಆದರೆ ದಪ್ಪ ಬಟ್ಟೆಯ ಮಡಿಕೆಯ ನಾಲ್ಕು ಪದರ ಎದುರಾದಲ್ಲಿ ಮುಕ್ಕರಿದು ನಿಲ್ಲುತ್ತದೆ. ಅನುಭವಿಗಳಾದರೆ ಮೆಷಿನ್ನನ್ನು ಬೈದು ಸುಮ್ಮನಾಗುತ್ತಾರೆ. ಹೊಸಬರು ತಮ್ಮ ಕೈಯೇ ಸರಿಯಿಲ್ಲ ಎಂದುಕೊಂಡು ಹೊಲಿಗೆಯನ್ನೇ ಬಿಟ್ಟುಬಿಡುತ್ತಾರೆ. ಎರಡು ಸಾವಿರವಷ್ಟೇ ನಿಮ್ಮ ಮಿತಿಯಾದರೆ ಒಳ್ಳೆಯ ಕತ್ತರಿ, ಅಳತೆ ಟೇಪು, ಬಟ್ಟೆ ಕೊಡಿಸಿ, ಉಳಿದ ಹಣವನ್ನು ಹೊಲಿಗೆ ತರಗತಿಯ ಶುಲ್ಕಕ್ಕೆ ಕೊಡಿ.

ಇನ್ನೊಂದು ತುದಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳ ಪವರ್ ಮೆಷಿನ್ ಇದೆ. ಜೂಕಿ, ಜ್ಯಾಕ್ ಮುಂತಾದ ಹೆಸರಿನ ಈ ಮೆಷಿನ್ನುಗಳು ನಿಮಿಷಕ್ಕೆ 4,000ದಿಂದ 5,000 ಹೊಲಿಗೆಯವರೆಗೆ ಓಡಬಲ್ಲವು. ಕಾರ್ಖಾನೆಯಲ್ಲಿ ದುಡಿದು ಬಂದವರಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಮೊದಲ ಸಲ ಬಟ್ಟೆಗೆ ಕೈ ಹಾಕುವವರ ಬೆರಳಿಗೆ ಅದು ಬೇಡ.

ಪರದೆ, ಗುಂಡಿಗಳಿರುವ ಕಂಪ್ಯೂಟರ್ ಮೆಷಿನ್ ಇಪ್ಪತ್ತು ಸಾವಿರದ ಆಚೀಚೆಯಿಂದ ಶುರುವಾಗುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ನಾನು ಅದರ ಪರ. ಅಮ್ಮನಿಗೋ ದೊಡ್ಡಮ್ಮನಿಗೋ ಮೊಣಕಾಲು ನೋವಿದ್ದರೆ, ಪೆಡಲ್ ಇಲ್ಲದೆ ಗುಂಡಿ ಒತ್ತಿ ಓಡಿಸುವ, ವೇಗವನ್ನು ಮೊದಲೇ ಕಡಿಮೆಗೆ ಹೊಂದಿಸಿಡುವ ಸೌಕರ್ಯ ಅದರ ಕೆಲವು ಮಾದರಿಗಳಲ್ಲಿದೆ. ಹಾಗೆಂದು ಬೆರಳಿನ ತುದಿಯಲ್ಲಿ ನೂರು ಹೂಬಳ್ಳಿ ಇದೆ ಎಂಬ ಕಾರಣಕ್ಕೆ ಅದನ್ನು ಕೊಂಡರೆ, ಆ ಹೂಬಳ್ಳಿಗಳು ಮೊದಲ ವಾರ ಕರವಸ್ತ್ರದ ಮೇಲೆ ಮೂಡಿ ಅಲ್ಲಿಗೇ ಮುಗಿಯುತ್ತವೆ.

ಉಳಿದದ್ದು ಎರಡು: ಎರಕದ ಕಬ್ಬಿಣದ ಕಪ್ಪು ಮೆಷಿನ್, ಮತ್ತು ಮೇಜಿನ ಮೇಲಿಟ್ಟು ವಿದ್ಯುತ್ತಿನಲ್ಲಿ ಓಡಿಸುವ ಬಿಳಿ ಮೆಷಿನ್.

ಕಪ್ಪು ಮೆಷಿನ್

ಇದು ಹಾಕುವುದು ನೇರ ಹೊಲಿಗೆ ಒಂದನ್ನೇ. ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಆದರೆ ರವಿಕೆ, ಲಂಗ, ನೈಟಿ, ದಿಂಬಿನ ಕವರ್, ಪರದೆ, ಸಂತೆಯ ಚೀಲ ಇವೆಲ್ಲದರ ಬಹುಪಾಲು ಕೆಲಸ ನೇರ ಹೊಲಿಗೆಯದ್ದೇ. ಸೀರೆಗೆ ಫಾಲ್ ಹಾಕುವಾಗಲೂ ಕೆಳಗಿನ ಅಂಚಿಗೆ ನೇರ ಹೊಲಿಗೆ, ಮೇಲಿನ ಅಂಚಿಗೆ ಕೈಹೊಲಿಗೆ. ಸ್ಟ್ಯಾಂಡು, ಹಲಗೆ ಸೇರಿ ಸುಮಾರು ಆರರಿಂದ ಹತ್ತು ಸಾವಿರ ರೂಪಾಯಿ. ಬೇಕಿದ್ದರೆ ಆಮೇಲೆ ಚಿಕ್ಕ ಮೋಟಾರು ಜೋಡಿಸಿಕೊಳ್ಳಬಹುದು.

ಕಲಿಯುವಾಗ ಕಾಲು ಸತಾಯಿಸುತ್ತದೆ. ತುಳಿಯುವ ಹಲಗೆಯ ಮೇಲೆ ಹಿಮ್ಮಡಿ ಮತ್ತು ಬೆರಳುಗಳನ್ನು ಸರದಿಯಂತೆ ಒತ್ತಬೇಕು. ಲಯ ತಪ್ಪಿದರೆ ಚಕ್ರ ಹಿಂದಕ್ಕೆ ತಿರುಗುತ್ತದೆ, ನೂಲು ಪಟ್ಟನೆ ಕಡಿಯುತ್ತದೆ. ಹೊಲಿಗೆ ತರಗತಿಗಳಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. ಸೂಜಿಗೆ ನೂಲನ್ನೇ ಹಾಕದೆ, ಗೆರೆ ಎಳೆದ ನೋಟುಪುಸ್ತಕದ ಹಾಳೆಯನ್ನು ಕೆಳಗಿಟ್ಟು ತುಳಿಯಲು ಹೇಳುತ್ತಾರೆ. ರಂಧ್ರಗಳು ಗೆರೆಯ ಮೇಲೇ ಬೀಳತೊಡಗಿದ ಮೇಲೆ ಬಟ್ಟೆ. ಆಮೇಲೆ ಸುರುಳಿ, ಚೌಕ ಬರೆದು ಮೂಲೆ ತಿರುಗಿಸುವುದನ್ನು ಕಲಿಸುತ್ತಾರೆ. ಕೆಲವು ದಿನ ಹೀಗೆ ಕಾಗದ ಚುಚ್ಚುವ ತಾಳ್ಮೆ ಆಕೆಗಿದ್ದರೆ ಕಪ್ಪು ಮೆಷಿನ್ ಆಕೆಯ ಕೈಗೆ ಪಳಗುತ್ತದೆ. ತುಳಿತವನ್ನು ಎಷ್ಟು ಬೇಕಾದರೂ ನಿಧಾನಿಸಬಹುದು, ಚಕ್ರವನ್ನು ಕೈಯಲ್ಲಿ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಬಹುದು. ಕೊರಳಿನ ಸುತ್ತು ತಿರುಗಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ಕೈಯಲ್ಲಿ ತಿರುಗಿಸುವ ಮಾದರಿಯೂ ಇದೆ. ಬಲಗೈ ಹಿಡಿಕೆಗೆ ಹೋದರೆ ಬಟ್ಟೆ ನಡೆಸಲು ಎಡಗೈ ಒಂದೇ ಉಳಿಯುತ್ತದೆ. ಹತ್ತು ಹನ್ನೊಂದರ ಮಗುವಿಗೆ ಬೊಂಬೆಯ ಅಂಗಿ ಹೊಲಿಯಲು ಚೆನ್ನ, ದೊಡ್ಡವರ ಪರದೆಗೆ ಸಾಲದು.

ಕಪ್ಪು ಮೆಷಿನ್ನಿನ ಕೊರತೆ ಬಟ್ಟೆಯ ಒಳಗಿನ ಅಂಚಿನಲ್ಲಿದೆ. ಕತ್ತರಿಸಿದ ಅಂಚು ಒಗೆದಂತೆಲ್ಲ ಎಳೆ ಬಿಡುತ್ತದೆ. ಅದನ್ನು ತಡೆಯಲು ಅಂಚನ್ನು ಒಳಗೆ ಮಡಚಿ ಎರಡು ಬಾರಿ ಹೊಲಿಯಬೇಕು, ಇಲ್ಲವೇ ಹತ್ತಿರದ ಟೈಲರ್ ಅಂಗಡಿಗೆ ಒಯ್ದು ಓವರ್‌ಲಾಕ್ ಮಾಡಿಸಬೇಕು. ಟೀ ಶರ್ಟಿನಂತೆ ಹಿಗ್ಗುವ ಬಟ್ಟೆಗೂ ಇದು ಹೇಳಿದ್ದಲ್ಲ, ಎಳೆದಾಗ ನೇರ ಹೊಲಿಗೆ ಕಡಿದುಹೋಗುತ್ತದೆ. ಇನ್ನು ಜಾಗ: ಸುಮಾರು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ, ಅದರ ಹಿಂದೆ ಕುರ್ಚಿ. ಫ್ಲಾಟಿನ ಮಲಗುವ ಕೋಣೆಯಲ್ಲಿ ಇಷ್ಟು ಜಾಗ ಕಾಯಂ ಬಿಟ್ಟುಕೊಡಲು ಎಲ್ಲರೂ ಒಪ್ಪುವುದಿಲ್ಲ.

ಹೆಬ್ರಿಯ ಅತ್ತಿಗೆ ನೆರೆಕರೆಯವರ ರವಿಕೆ ಹೊಲಿದು ನಾಲ್ಕು ಕಾಸು ಸಂಪಾದಿಸುವ ಯೋಚನೆಯಲ್ಲಿದ್ದರೆ ಅವರಿಗೆ ಇದನ್ನೇ ಕೊಡಿ. ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋದ ದಿನವೂ ಕೆಲಸ ನಿಲ್ಲುವುದಿಲ್ಲ. ಪಕ್ಕದ ಟೈಲರ್ ಬಳಸುವುದೂ ಇದೇ ಮೆಷಿನ್ ಆದ್ದರಿಂದ ಶಟಲ್, ಬಾಬಿನ್ ಕೇಸ್, ಬೆಲ್ಟು ಯಾವ ಪೇಟೆಯಲ್ಲೂ ಸಿಗುತ್ತವೆ, ರಿಪೇರಿ ಬಲ್ಲವರೂ ಇದ್ದೇ ಇರುತ್ತಾರೆ.

ಬಿಳಿ ಮೆಷಿನ್

ಉಷಾ ಜನೋಮೆ, ಸಿಂಗರ್, ಬ್ರದರ್ ಹೆಸರಿನಲ್ಲಿ ಸಿಗುವ ಈ ಮೆಷಿನ್ನುಗಳು ಹತ್ತು ಸಾವಿರದ ಆಸುಪಾಸಿನಿಂದ ಹದಿನೆಂಟು ಸಾವಿರದವರೆಗೆ ಇವೆ. ಹಬ್ಬದ ರಿಯಾಯಿತಿಯ ದಿನಗಳಲ್ಲಿ ಬೆಲೆ ಇನ್ನಷ್ಟು ಇಳಿಯುತ್ತದೆ. ತೂಕ ಆರೇಳು ಕಿಲೊ. ಕೆಲಸ ಮುಗಿದ ಮೇಲೆ ಎತ್ತಿ ಕಪಾಟಿನಲ್ಲಿಡಬಹುದು, ಕೆಟ್ಟರೆ ಚೀಲಕ್ಕೆ ಹಾಕಿ ಬಸ್ಸಿನಲ್ಲೇ ಸರ್ವಿಸ್‌ಗೆ ಒಯ್ಯಬಹುದು.

ಈಗ ಆ ಇಪ್ಪತ್ತೊಂದರ ಲೆಕ್ಕ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಹಲವು ಸಲ ಹೊಲಿಗೆಗಳದ್ದಲ್ಲ, ಉಪಯೋಗಗಳದ್ದು. ನೇರ ಹೊಲಿಗೆ ಒಂದರಲ್ಲೇ ಜಿಪ್ ಜೋಡಿಸುವುದು, ಲೇಸ್ ಹಚ್ಚುವುದು, ಕೌದಿಯಂತೆ ಪದರ ಸೇರಿಸುವುದು ಎಂದು ಎಣಿಸುತ್ತಾ ಹೋಗುತ್ತಾರೆ. ಹಾಗಾಗಿ ಏಳು ಹೊಲಿಗೆಯ ಮೆಷಿನ್ ಹದಿನಾಲ್ಕಾಗುತ್ತದೆ, ಹದಿಮೂರರದ್ದು ಇಪ್ಪತ್ತೊಂದಾಗುತ್ತದೆ. ಹೊಸಬರಿಗೆ ನಿಜವಾಗಿ ಬೇಕಾದದ್ದು ನೇರ ಹೊಲಿಗೆ, ಝಿಗ್‌ಝ್ಯಾಗ್, ಹಿಗ್ಗುವ ಬಟ್ಟೆಯ ಹೊಲಿಗೆ, ಪರದೆ ಪ್ಯಾಂಟುಗಳ ಅಂಚಿಗೆ ಹೊರಗೆ ಕಾಣದ ಹೆಮ್ಮಿಂಗ್, ಮತ್ತು ಬಟನ್ ತೂರಿಸುವ ಕಾಜ. ಇವಿಷ್ಟು ಏಳರದ್ದರಲ್ಲೇ ಬಂದುಬಿಡುತ್ತವೆ. ಹೊಲಿಗೆಯ ಉದ್ದ ಮತ್ತು ಅಗಲವನ್ನು ಬೇರೆ ಬೇರೆಯಾಗಿ ತಿರುಗಿಸಿ ಹೊಂದಿಸಲು ಬರುತ್ತದೆಯೇ ಎಂದು ನೋಡಿ. ಹೆಚ್ಚಿನ ಹಣಕ್ಕೆ ಅರ್ಥವಿರುವುದು ಅಲ್ಲಿ.

ಕಾಜದ ವಿಷಯದಲ್ಲೂ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ಕಡಿಮೆ ಬೆಲೆಯದ್ದರಲ್ಲಿ ಹೊಲಿಗೆ ಆರಿಸುವ ತಿರುಗಣೆಯನ್ನು ನಾಲ್ಕು ಹಂತದಲ್ಲಿ ತಿರುಗಿಸುತ್ತಾ ಕಾಜ ಮಾಡಬೇಕು, ದುಬಾರಿಯದ್ದು ಬಟನ್ ಅಳತೆಗೆ ತಕ್ಕಂತೆ ಒಂದೇ ಹಂತದಲ್ಲಿ ಮಾಡಿ ಮುಗಿಸುತ್ತದೆ. ಮಕ್ಕಳ ಸಮವಸ್ತ್ರದ ಅಂಗಿ ಹೊಲಿಯುವವರಿಗೆ ಈ ವ್ಯತ್ಯಾಸಕ್ಕೆ ಹಣ ಕೊಡುವುದು ಸರಿ. ನಮ್ಮ ರವಿಕೆಗೆ ಹಾಕುವುದು ಹುಕ್ಕು, ಅದನ್ನು ಕೈಯಲ್ಲೇ ಹೊಲಿಯುತ್ತೇವೆ. ರವಿಕೆ, ನೈಟಿಯಷ್ಟೇ ಆಕೆಯ ಆಸೆಯಾದರೆ ಕಾಜ ಒಂದು ಹಂತದ್ದೋ ನಾಲ್ಕು ಹಂತದ್ದೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಅದರ ಬದಲು ಮುಂದಿನ ಚಿಕ್ಕ ಪೆಟ್ಟಿಗೆ ಕಳಚಿ ತೋಳಿನ ತುದಿಯನ್ನು ಸುತ್ತ ತೂರಿಸಿ ಹೊಲಿಯಲು ಬರುತ್ತದೆಯೇ ನೋಡಿ. ಝಿಗ್‌ಝ್ಯಾಗ್ ಇದೆ ಎಂದು ಅಂಗಡಿಯ ಪೀಕೋದಷ್ಟು ನಯವಾದ ಸೀರೆ ಅಂಚನ್ನು ನಿರೀಕ್ಷಿಸಬೇಡಿ, ಅದಕ್ಕೆ ಬೇರೆಯೇ ಮೆಷಿನ್ ಇದೆ.

ಬಾಬಿನ್ ಕೂರುವ ಜಾಗದಲ್ಲಿ ಎರಡು ಬಗೆ. ಮುಂದಿನಿಂದ ಲೋಹದ ಕೇಸಿನಲ್ಲಿಟ್ಟು ತೂರಿಸುವುದು ಒಂದು, ಮೇಲಿನಿಂದ ಹಾಗೇ ಇಳಿಸುವುದು ಇನ್ನೊಂದು. ಬೆಲೆ ತುಸು ಹೆಚ್ಚಾದರೂ ಹೊಸಬರಿಗೆ ಮೇಲಿನಿಂದ ಇಳಿಸುವುದೇ ಸುಲಭ. ಪಾರದರ್ಶಕ ಮುಚ್ಚಳದ ಕೆಳಗೆ ನೂಲು ಎಷ್ಟು ಉಳಿದಿದೆ ಎಂದು ಕಾಣುತ್ತಿರುತ್ತದೆ. ಕಾಣದ್ದರಲ್ಲಿ ಅರ್ಧ ಅಂಗಿ ಹೊಲಿದ ಮೇಲೆ ಕೆಳಗೆ ನೂಲೇ ಇರಲಿಲ್ಲ ಎಂದು ತಿಳಿಯುವುದುಂಟು.

ವೇಗದ ಭಯ ನಿಜ. ಗರಿಷ್ಠ ವೇಗ ನಿಮಿಷಕ್ಕೆ 800 ಹೊಲಿಗೆಯ ಆಸುಪಾಸು. ಪೆಡಲಿನ ಮೇಲೆ ಕಾಲಿಡುವುದೇ ತಡ ಮೆಷಿನ್ ಓಡಿಬಿಡುತ್ತದೆ ಎಂದು ಮೊದಲ ದಿನ ಕೈಬಿಟ್ಟವರು ಇದ್ದಾರೆ. ಹಾಗಾಗಿ ಕೊಳ್ಳುವ ಮುನ್ನ ಪೆಡಲನ್ನು ನೀವೇ ಒತ್ತಿ ನೋಡಿ. ಮೆಲ್ಲನೆ ಒತ್ತಿದರೆ ಮೆಲ್ಲನೆ ಹೋಗಬೇಕು. ಒಮ್ಮೆಲೇ ಜಿಗಿಯುವಂಥದ್ದಾದರೆ ಬೇರೆ ತೋರಿಸಲು ಹೇಳಿ.

ಕರೆಂಟಿನ ಬಿಲ್ಲಿನ ಚಿಂತೆ ಬೇಡ. ಮೋಟಾರು, ದೀಪ ಎರಡೂ ಸೇರಿ ಹೆಚ್ಚೆಂದರೆ 100 ವ್ಯಾಟ್, ಹತ್ತು ಗಂಟೆ ಹೊಲಿದರೆ ಒಂದು ಯುನಿಟ್. ಗುಡುಗು ಮಿಂಚಿನ ಸಂಜೆ ಪ್ಲಗ್ ಕಿತ್ತಿಡಬೇಕು ಎಂಬುದನ್ನು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಕದ್ರಿಯ ತಂಗಿಗೆ, ಬಿಡುವಿನಲ್ಲಿ ಮಗಳ ಫ್ರಾಕು, ಪರದೆ, ಹರಿದ ಪ್ಯಾಂಟು ಎಂದು ಎಲ್ಲವನ್ನೂ ಒಂದಿಷ್ಟು ಹೊಲಿಯಬೇಕೆನ್ನುವವರಿಗೆ ಏಳರಿಂದ ಹದಿಮೂರು ಹೊಲಿಗೆಯ ಬಿಳಿ ಮೆಷಿನ್. ಅದಕ್ಕಿಂತ ಮೇಲಿನದ್ದಕ್ಕೆ ಹಣ ಸುರಿಯುವುದು ನನ್ನ ಮಟ್ಟಿಗೆ ಅನಗತ್ಯ.

ಮಳೆ ಮತ್ತು ಎಣ್ಣೆ

ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬೈರಾಸೇ ಒಣಗುವುದಿಲ್ಲ, ಕಬ್ಬಿಣದ ಗತಿ ಕೇಳಬೇಕೇ? ಕಪ್ಪು ಮೆಷಿನ್ನನ್ನು ಜಗಲಿಯಲ್ಲಿ ಎರಚಲು ಬರುವಲ್ಲಿ ಇಟ್ಟರೆ ಸೂಜಿ ಹಿಡಿಯುವ ಕಂಬಿಯಿಂದ ತುಕ್ಕು ಶುರುವಾಗುತ್ತದೆ. ಅಗ್ಗದ ಪ್ಲೈವುಡ್ ಹಲಗೆ ಪದರ ಬಿಟ್ಟು ಉಬ್ಬುತ್ತದೆ, ಹಲಗೆಗೆ ಐನೂರು ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಚರ್ಮದ ಬೆಲ್ಟು ತೇವಕ್ಕೆ ಸಡಿಲಗೊಂಡು ಜಾರತೊಡಗುತ್ತದೆ, ಆಗ ತುಸು ಕತ್ತರಿಸಿ ಮತ್ತೆ ಕೊಂಡಿ ಹಾಕಬೇಕು. ಕಾಲು ತುಳಿದರೂ ಚಕ್ರ ತಿರುಗುವುದಿಲ್ಲ ಎಂದು ಮಳೆಗಾಲದ ಆಟಿ ತಿಂಗಳಿನಲ್ಲಿ ಫೋನು ಬಂದರೆ ಮೊದಲು ಬೆಲ್ಟು ನೋಡಲು ಹೇಳಿ.

ತೆಂಗಿನೆಣ್ಣೆ ಹಾಕುವುದನ್ನು ಮಾತ್ರ ಕಟ್ಟುನಿಟ್ಟಾಗಿ ತಡೆಯಿರಿ. ಬಾಗಿಲು ಕಿರುಗುಟ್ಟಿದರೂ ತೆಂಗಿನೆಣ್ಣೆ, ಸೈಕಲ್ಲಿಗೂ ಅದೇ ಎಂಬ ನಮ್ಮ ಅಭ್ಯಾಸ ಹೊಲಿಗೆ ಮೆಷಿನ್ನಿಗೆ ವಿಷ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ದಿನ ಕಳೆದಂತೆ ನೂಲಿನ ಧೂಳಿನೊಂದಿಗೆ ಸೇರಿ ಅಂಟಾಗಿ ಕೂರುತ್ತದೆ. ಹೊಲಿಗೆ ಮೆಷಿನ್ನಿಗೆಂದೇ ಇರುವ ತೆಳು ಎಣ್ಣೆಯ ಬಾಟಲಿಯನ್ನು ಉಡುಗೊರೆಯ ಜೊತೆಗೇ ಕೊಟ್ಟುಬಿಡಿ. ಬಿಳಿ ಮೆಷಿನ್ನಿನ ಕೆಲವು ಮಾದರಿಗಳಿಗೆ ಎಲ್ಲೆಂದರಲ್ಲಿ ಎಣ್ಣೆ ಹಾಕಬಾರದು, ಕೈಪಿಡಿ ಹೇಳಿದಲ್ಲಿ ಮಾತ್ರ.

ಅಟ್ಟದ ಮೇಲೊಂದು ಇದ್ದರೆ

ಹೊಸದು ಕೊಳ್ಳುವ ಮೊದಲು ತರವಾಡು ಮನೆಯಲ್ಲೋ ಅಜ್ಜಿಯ ಮನೆಯಲ್ಲೋ ಒಮ್ಮೆ ಕೇಳಿ ನೋಡಿ. ಅಟ್ಟ ಹತ್ತಿದ ಹಳೆಯ ಸಿಂಗರ್ ಅಥವಾ ಉಷಾ ಮೆಷಿನ್ ಇನ್ನೂ ಎಷ್ಟೋ ಮನೆಗಳಲ್ಲಿದೆ. ಹಳೆಯ ಸಿಂಗರ್‌ಗಳಲ್ಲಿ ಅಕ್ಷರದಿಂದ ಶುರುವಾಗುವ ಕ್ರಮಸಂಖ್ಯೆಯನ್ನು ಲೋಹದ ಮೇಲೆ ಕೊರೆದಿರುತ್ತಾರೆ, ತಯಾರಾದ ವರ್ಷವನ್ನು ಅದರಿಂದ ಕಂಡುಹಿಡಿಯಬಹುದು. ಅಂಥ ಮೆಷಿನ್ನುಗಳನ್ನು ಲೆಕ್ಕವಿಲ್ಲದಷ್ಟು ಮಾಡಿದ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆ ಮುಚ್ಚಿದ್ದೇ 1980ರಲ್ಲಿ. ಅಲ್ಲಿಂದ ಬಂದದ್ದಾದರೆ ವಯಸ್ಸು ನೀವೇ ಲೆಕ್ಕ ಹಾಕಿ.

ನೋಡಬೇಕಾದದ್ದು ಬಾಬಿನ್. ಈಗಿನಂತೆ ದುಂಡಗಿನ ಬಾಬಿನ್ ಆದರೆ ಭಾಗಗಳು ಸಿಗುತ್ತವೆ. ದೋಣಿಯ ಆಕಾರದ ಉದ್ದ ಶಟಲಿನೊಳಗೆ ಕಡ್ಡಿಯಂಥ ಬಾಬಿನ್ ಕೂರುವ ಇನ್ನೂ ಹಳೆಯ ಮಾದರಿಯಾದರೆ ಭಾಗಕ್ಕಾಗಿ ಅಲೆಯಬೇಕಾದೀತು, ಅದನ್ನು ಚಾವಡಿಯ ಅಲಂಕಾರಕ್ಕೆ ಬಿಡಿ. ಚಕ್ರ ಬಿಗಿದುಕೊಂಡಿದ್ದರೆ ಬಲವಂತ ಮಾಡಬೇಡಿ. ಎಣ್ಣೆ ಅಂಟಾಗಿ ಹಿಡಿದಿರುತ್ತದೆ, ಅಷ್ಟೇ. ಹಿಂದೆಲ್ಲ ಸೀಮೆಎಣ್ಣೆ ಬಿಟ್ಟು ಸಡಿಲಿಸುತ್ತಿದ್ದರು, ಈಗ ಸೀಮೆಎಣ್ಣೆ ಹುಡುಕುವುದೇ ದೊಡ್ಡ ಕೆಲಸ. ಮೆಷಿನ್ ಎಣ್ಣೆಯನ್ನೇ ರಂಧ್ರಗಳಿಗೆಲ್ಲ ಬಿಟ್ಟು ಒಂದು ರಾತ್ರಿ ಇಟ್ಟು, ಚಕ್ರವನ್ನು ಸ್ವಲ್ಪ ಸ್ವಲ್ಪವೇ ಆಚೀಚೆ ಆಡಿಸಿದರೆ ಹೆಚ್ಚಿನವು ಬಿಟ್ಟುಕೊಳ್ಳುತ್ತವೆ. ಬಾಬಿನ್ ಕೇಸ್, ಬೆಲ್ಟು, ಬಾಬಿನ್ ಸುತ್ತುವ ಚಕ್ರದ ರಬ್ಬರು ಹೊಸದು ಹಾಕಿಸಿ, ಬಲ್ಲವರಿಂದ ಒಮ್ಮೆ ಹದ ಮಾಡಿಸಿ. ಮೊಮ್ಮಗಳಿಗೆ ಅಜ್ಜಿಯ ಮೆಷಿನ್ನು, ಅದೂ ಓಡುವಂಥದ್ದು. ಹೊಸ ಮೆಷಿನ್ನಿಗಿಂತ ಇದಕ್ಕೇ ನನ್ನ ಓಟು.

ಅಂಗಡಿಗೆ ಹೋದಾಗ

ಅಂಗಡಿಯವರು ತೋರಿಸುವ ಗಂಜಿ ಹಾಕಿದ ಬಿಳಿ ಬಟ್ಟೆಯ ಮೇಲೆ ಎಲ್ಲ ಮೆಷಿನ್ನುಗಳೂ ಚೆನ್ನಾಗಿಯೇ ಹೊಲಿಯುತ್ತವೆ. ಮನೆಯಿಂದ ಹಳೆಯ ಹತ್ತಿ ಸೀರೆಯ ತುಂಡು, ಜಾರುವ ಪಾಲಿಯೆಸ್ಟರ್ ತುಂಡು, ಜೀನ್ಸಿನ ಕಾಲಿನ ಮಡಿಕೆ ಒಯ್ಯಿರಿ. ಹತ್ತಿಗೆ 14ನೇ ನಂಬರಿನ ಸೂಜಿ, ತೆಳು ಬಟ್ಟೆಗೆ 11, ಜೀನ್ಸಿಗೆ 16 ಹಾಕಿಸಿ ಮೂರರ ಮೇಲೂ ಹೊಲಿಸಿ, ಬಟ್ಟೆಯನ್ನು ಮಗುಚಿ ಹಿಂಭಾಗ ನೋಡಿ. ಎರಡೂ ಬದಿಯಲ್ಲಿ ಸಾಲು ಒಂದೇ ಥರ ಇರಬೇಕು. ಕೆಳಗೆ ನೂಲು ಗೋಜಲಾಗಿ ಮುದ್ದೆಗಟ್ಟಿದರೆ ಮೆಷಿನ್ ಕೆಟ್ಟದ್ದೆಂದು ತೀರ್ಮಾನಿಸಬೇಡಿ. ಮೇಲಿನ ನೂಲು, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂತಿಲ್ಲ ಎಂದಷ್ಟೇ ಅದರ ಅರ್ಥ. ಬಟ್ಟೆ ಒತ್ತುವ ಪಾದ ಮೇಲಿದ್ದಾಗ ಮಾತ್ರ ಆ ಬಿಲ್ಲೆಗಳು ತೆರೆದಿರುತ್ತವೆ. ಪಾದ ಎತ್ತಿ ನೂಲನ್ನು ಮತ್ತೆ ಹಾಕಿಸಿ ನೋಡಿ. ಈ ಒಂದು ವಿಷಯ ಗೊತ್ತಿಲ್ಲದೆ ಮೆಷಿನ್ ಹೊತ್ತು ಸರ್ವಿಸ್‌ಗೆ ಓಡುವ ಹೊಸಬರು ಬಹಳ. ಉಡುಗೊರೆ ಕೊಡುವಾಗ ಇದನ್ನೂ ಹೇಳಿಕೊಡಿ.

ಲೋಹದ ಬಾಬಿನ್ ಕೇಸ್ ಇರುವ ಮೆಷಿನ್ನಾದರೆ ಇನ್ನೊಂದು ಪರೀಕ್ಷೆ. ನೂಲು ತುಂಬಿದ ಬಾಬಿನ್ನನ್ನು ಕೇಸಿಗೆ ಹಾಕಿ, ನೂಲಿನ ತುದಿ ಹಿಡಿದು ಗಾಳಿಯಲ್ಲಿ ತೂಗಾಡಿಸಿ. ತನ್ನಷ್ಟಕ್ಕೆ ಜಾರಿ ಬೀಳಬಾರದು. ಮಣಿಕಟ್ಟನ್ನು ಮೆಲ್ಲನೆ ಕುಲುಕಿದರೆ ಒಂದಿಂಚು ಇಳಿದು ನಿಲ್ಲಬೇಕು. ಟೈಲರ್‌ಗಳು ಮಾತನಾಡುತ್ತಲೇ ಇದನ್ನು ಮಾಡಿ, ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಸರಿಪಡಿಸುತ್ತಾರೆ.

ಜೊತೆಗೆ ಅದೇ ಮಾದರಿಯ ಏಳೆಂಟು ಬಾಬಿನ್ ಕೊಳ್ಳಿ. ನೋಡಲು ಒಂದೇ ಥರ ಕಂಡರೂ ಒಂದರದ್ದು ಇನ್ನೊಂದಕ್ಕೆ ಕೂರದಿರಬಹುದು. ಮೂರೂ ಅಳತೆಯ ಸೂಜಿ, ಹೊಲಿಗೆ ಬಿಚ್ಚುವ ಕೊಕ್ಕೆ, ಕಾಗದಕ್ಕೆ ತಾಗಿಸದ ಕತ್ತರಿ, ಹಾಳು ಮಾಡಲೆಂದೇ ನಾಲ್ಕು ಮೀಟರ್ ಕೋರಾ ಬಟ್ಟೆ. ಹೊಸಬರು ಒಳ್ಳೆಯ ಬಟ್ಟೆಗೆ ಕತ್ತರಿ ಹಾಕಲು ಹೆದರುತ್ತಾರೆ, ಕೋರಾ ಇದ್ದರೆ ಧೈರ್ಯ ಬರುತ್ತದೆ.

ಕಲಿಕೆಗೆ ದಾರಿ ಬೇಕಿದ್ದರೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಲ್ಲಿ ಸ್ವಉದ್ಯೋಗದ ಉಚಿತ ತರಬೇತಿಗಳ ಜೊತೆ ಹೊಲಿಗೆಯದ್ದೂ ನಡೆಯುತ್ತದೆ, ಉಡುಪಿ ಕಡೆಯವರಿಗೆ ಬ್ರಹ್ಮಾವರದಲ್ಲೂ ಶಾಖೆ ಇದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರಿಂಗ್ ಕೂಡ ಒಂದು, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವಿದೆ. ಆದರೆ ಅದು ಈಗಾಗಲೇ ಕಸುಬಿನಲ್ಲಿರುವವರಿಗೆ, ಕಲಿಯಲು ಹೊರಟವರಿಗಲ್ಲ.

ಮೆಷಿನ್ನನ್ನು ಗಿಫ್ಟ್ ಕಾಗದದಲ್ಲಿ ಸುತ್ತುವ ಮೊದಲು ಪೆಟ್ಟಿಗೆ ತೆರೆದು ಪೆಡಲ್, ಪಾದಗಳು, ಕೈಪಿಡಿ ಇವೆಯೇ ಎಂದು ಎಣಿಸಿಕೊಳ್ಳಿ. ಬಿಲ್ಲನ್ನೂ ವಾರಂಟಿಯನ್ನೂ ಪಡೆಯುವವರ ಹೆಸರಿಗೆ, ಅವರ ಮೊಬೈಲ್ ಸಂಖ್ಯೆಗೇ ಮಾಡಿಸಿ. ನೀವು ಕೊಂಡದ್ದು ಮಂಗಳೂರಿನಲ್ಲಿ, ಅವರಿರುವುದು ಬೈಂದೂರಿನಲ್ಲಿ ಎಂದಾದರೆ ಮನೆಗೆ ಬಂದು ಓಡಿಸಿ ತೋರಿಸುವವರು ಅಲ್ಲಿಯವರೆಗೆ ಬರುತ್ತಾರೆಯೇ ಎಂದು ಹಣ ಕೊಡುವ ಮುನ್ನವೇ ಕೇಳಿ. ಬರುವುದಿಲ್ಲ ಎಂದರೆ ಅದೇ ಮಾದರಿಯನ್ನು ಕುಂದಾಪುರದಲ್ಲೋ ಉಡುಪಿಯಲ್ಲೋ ಹುಡುಕಿ, ನೂರಿನ್ನೂರು ಹೆಚ್ಚಾದರೂ ಚಿಂತೆಯಿಲ್ಲ.